‘ದೈತ್ಯ’ ಅಂದ್ರೆ ದೊಡ್ಡವನೋ, ದಿತಿಯ ಮಗನೋ?

ಪುಟ್ಟನ ಅಮ್ಮ, ಶಿವಮೊಗ್ಗ:

ನನ್ನ ಮಗನಿಗೆ ಏಳು ವರ್ಷ. ರಾತ್ರಿ ಮಲಗುವ ಮುಂಚೆ ಇಬ್ಬರೂ ಕೂತು ಯಾವುದಾದರೂ ಕನ್ನಡ ಚಿತ್ರಪುಸ್ತಕ ಓದುತ್ತೇವೆ. ನಿನ್ನೆ ಪ್ರಾಣಿಗಳ ಪುಸ್ತಕ. ಕಪ್ಪು ಬಿಳುಪಿನ ಮುದ್ದು ಪ್ರಾಣಿ ಬಿದಿರು ಹಿಡಿದು ಕೂತಿದೆ, ಕೆಳಗೆ ‘ದೈತ್ಯ ಪಾಂಡಾ’ ಅಂತ ಅಚ್ಚಾಗಿದೆ. ಅವನು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಬೆರಳನ್ನು ಆ ಪದದ ಮೇಲೇ ಇಟ್ಟುಕೊಂಡು, “ಅಮ್ಮಾ, ಪಾಪ ಇದು ಏನು ತಪ್ಪು ಮಾಡ್ತು?” ಅಂದ.

ಅವನಿಗೆ ಗೊತ್ತಿರುವ ದೈತ್ಯ ಹಿರಣ್ಯಕಶಿಪು ಒಬ್ಬನೇ. ನಾನು “ದೈತ್ಯ ಅಂದ್ರೆ ತುಂಬಾ ದೊಡ್ಡದು ಅಂತ ಅರ್ಥ ಕಣೋ” ಅಂದೆ. ಅದಕ್ಕೆ ಅವನು, “ಹಿರಣ್ಯಕಶಿಪು ಅಪ್ಪನಷ್ಟೇ ಇದ್ನಲ್ಲ, ಕಂಬದಿಂದ ಬಂದ ನರಸಿಂಹನೇ ದೊಡ್ಡದಾಗಿದ್ದ” ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ತಿಳಿದವರು ಹೇಳಿ. ದೈತ್ಯ ಅನ್ನುವ ಪದಕ್ಕೆ ದೊಡ್ಡ ಗಾತ್ರ ಅನ್ನುವ ಅರ್ಥ ಮೊದಲಿಂದಲೂ ಇದೆಯಾ? ರಾಕ್ಷಸ, ಅಸುರ, ದಾನವ ಎಲ್ಲಾ ಒಂದೇನಾ? ಮಕ್ಕಳ ಪುಸ್ತಕದಲ್ಲಿ ಪಾಂಡಾಗೆ ಈ ಪದ ಹಾಕಿದ್ದು ಸರಿನಾ?

ಸಂಸ್ಕೃತದ ಹಳೇ ಮೇಷ್ಟ್ರು:

ತಾಯಿ, ನಿಮ್ಮ ಹುಡುಗ ಸರಿಯಾಗಿಯೇ ಹಿಡಿದಿದ್ದಾನೆ. ಆ ಪದದಲ್ಲಿ ಗಾತ್ರದ ಸುಳಿವೇ ಇಲ್ಲ.

ದಿತಿ ಅನ್ನುವ ತಾಯಿಯ ಮಗ ದೈತ್ಯ. ಅಷ್ಟೇ ಅರ್ಥ. ಕುಂತಿಯ ಮಗ ಕೌಂತೇಯ, ರಾಧೆ ಸಾಕಿದವನು ರಾಧೇಯ ಅನ್ನುತ್ತೇವಲ್ಲ, ಹಾಗೆಯೇ. ಕಶ್ಯಪನಿಗೆ ಹಲವು ಹೆಂಡಂದಿರು. ದಿತಿಯ ಮಕ್ಕಳು ದೈತ್ಯರು, ಅದಿತಿಯ ಮಕ್ಕಳು ಆದಿತ್ಯರು, ದನುವಿನ ಮಕ್ಕಳು ದಾನವರು. ಪಾಣಿನಿ ದಿತಿ, ಅದಿತಿ ಎರಡನ್ನೂ ಒಂದೇ ಸೂತ್ರದಲ್ಲಿ ಇಟ್ಟಿದ್ದಾನೆ, ಒಂದೇ ಪ್ರತ್ಯಯ ಹೇಳಿದ್ದಾನೆ. ವ್ಯಾಕರಣದ ಕಣ್ಣಿಗೆ ದೈತ್ಯ ಮತ್ತು ಆದಿತ್ಯ ಒಂದೇ ಅಚ್ಚಿನ ಪದಗಳು. ನಾವು ಇವತ್ತು ಮಗುವಿಗೆ ಆದಿತ್ಯ ಅಂತ ಹೆಸರಿಡುತ್ತೇವೆ, ದೈತ್ಯ ಅಂತ ಯಾರೂ ಇಡುವುದಿಲ್ಲ. ಅಪ್ಪ ಒಬ್ಬನೇ, ಅಮ್ಮಂದಿರು ಬೇರೆ.

ಅಮರಕೋಶ ಅನ್ನುವ ಹಳೇ ಸಂಸ್ಕೃತ ಪದಕೋಶ ನಾನು ಹುಡುಗನಿದ್ದಾಗ ಬಾಯಿಪಾಠ ಮಾಡಿದ್ದು. ಅಸುರರಿಗೆ ಇರುವ ಹೆಸರುಗಳು ಒಂದು ಶ್ಲೋಕದಲ್ಲಿ ಬರುತ್ತವೆ: ದೈತ್ಯ, ದೈತೇಯ, ದನುಜ, ಇಂದ್ರಾರಿ, ದಾನವ, ಶುಕ್ರಶಿಷ್ಯ, ದಿತಿಸುತ, ಪೂರ್ವದೇವ, ಸುರದ್ವಿಷ. ಇವುಗಳಲ್ಲಿ ಕೆಲವು ತಾಯಿಯ ಹೆಸರು ಹೇಳುತ್ತವೆ, ಒಂದು ಗುರುವಿನ ಹೆಸರು ಹೇಳುತ್ತದೆ, ಕೆಲವು ಜಗಳ ಯಾರ ಜೊತೆ ಅಂತ ಹೇಳುತ್ತವೆ. ದೊಡ್ಡ ಮೈಯವರು ಅಂತ ಹೇಳುವ ಪದ ಒಂದೂ ಇಲ್ಲ. ‘ಪೂರ್ವದೇವ’ ಅನ್ನುವುದನ್ನು ಗಮನಿಸಿ. ಮೊದಲು ದೇವರಾಗಿದ್ದವರು ಅಂತ. ಋಗ್ವೇದದಲ್ಲಿ ವರುಣನನ್ನೇ ಅಸುರ ಅಂತ ಕರೆದಿದೆ, ಅಲ್ಲಿ ಅದು ಹೊಗಳಿಕೆ. ಇರಾನಿನ ಹಳೇ ಧರ್ಮದಲ್ಲಿ ಅದೇ ಪದ ‘ಅಹುರ’ ಆಗಿ ದೊಡ್ಡ ದೇವರ ಹೆಸರಾಗಿಯೇ ಉಳಿಯಿತು.

ರಾಕ್ಷಸರು ಬೇರೆ ಗುಂಪು. ಅಮರಕೋಶ ಅವರನ್ನು ಯಕ್ಷ, ಗಂಧರ್ವ, ಕಿನ್ನರರ ಸಾಲಿನಲ್ಲಿ ಕೂರಿಸುತ್ತದೆ. ರಾಮಾಯಣದ ಉತ್ತರಕಾಂಡದಲ್ಲಿ ಒಂದು ಕಥೆ ಇದೆ. ಬ್ರಹ್ಮ ನೀರನ್ನು ಸೃಷ್ಟಿಸಿ, ಇದನ್ನು ಕಾಯಿರಿ ಅಂತ ಜೀವಿಗಳಿಗೆ ಹೇಳಿದ. “ರಕ್ಷಾಮ”, ಅಂದರೆ ಕಾಯುತ್ತೇವೆ, ಅಂದವರು ರಾಕ್ಷಸರಾದರು. “ಯಕ್ಷಾಮ” ಅಂದವರು ಯಕ್ಷರಾದರು. ರಕ್ಷಣೆ, ರಕ್ಷಕ ಅನ್ನುವಲ್ಲಿರುವ ‘ರಕ್ಷ’ವನ್ನೇ ಆ ಕಥೆ ರಾಕ್ಷಸನಲ್ಲೂ ಕೇಳಿಸಿಕೊಳ್ಳುತ್ತದೆ.

ಇನ್ನು ಗಾತ್ರ. ಬಲಿ ಚಕ್ರವರ್ತಿ ಪ್ರಹ್ಲಾದನ ಮೊಮ್ಮಗ, ಅಪ್ಪಟ ದೈತ್ಯ. ಬಾದಾಮಿಗೆ ಹೋದರೆ ಎರಡನೇ ಗುಹೆ, ಮೂರನೇ ಗುಹೆ ಎರಡರಲ್ಲೂ ತ್ರಿವಿಕ್ರಮ ಇದ್ದಾನೆ. ಮೂರನೇ ಗುಹೆ ಕ್ರಿ.ಶ. 578ರದು, ಮಂಗಳೇಶ ಮಾಡಿಸಿದ್ದು. ಗೋಡೆಯ ತುಂಬಾ ವಿಷ್ಣು, ಒಂದು ಕಾಲು ಮೇಲೆತ್ತಿದ್ದಾನೆ. ಎರಡನೇ ಗುಹೆಯಲ್ಲಿ ಕೊಡೆ ಹಿಡಿದ ಪುಟ್ಟ ವಾಮನನೂ ಕೆಳಗೆ ಇದ್ದಾನೆ. ಬಲಿಯ ಪರಿವಾರ ಆ ಕಾಲಿನ ಹತ್ತಿರ ಎಷ್ಟು ಸಣ್ಣದಾಗಿ ಕಾಣುತ್ತದೆ ಅಂತ ನೋಡಿ. ಆ ಕಥೆಯಲ್ಲಿ ಆಕಾಶದಷ್ಟು ಬೆಳೆದವನು ದೇವರು. ದೈತ್ಯ ನಮ್ಮ ನಿಮ್ಮಷ್ಟೇ ಎತ್ತರ. ನಿಮ್ಮ ಹುಡುಗ ನರಸಿಂಹನ ಚಿತ್ರದಲ್ಲಿ ಕಂಡದ್ದೂ ಇದನ್ನೇ.

ದುರ್ಗದ ಹುಡುಗ:

ಮೇಷ್ಟ್ರೇ, ಕೈಮುಗಿದೆ. ಆದರೆ ರಾಕ್ಷಸರು ದೊಡ್ಡವರು ಅನ್ನುವ ನಂಬಿಕೆ ಸುಮ್ನೆ ಬಂದದ್ದಲ್ಲ ಅಂತ ನನಗೆ ಅನಿಸುತ್ತೆ. ನಮ್ಮ ಚಿತ್ರದುರ್ಗದ ಕೋಟೆಯಲ್ಲಿ ಹಿಡಿಂಬೇಶ್ವರನ ಗುಡಿ ಇದೆ. ಹಿಡಿಂಬನ ಹಲ್ಲು ಅಂತ ಹೇಳುವ ಒಂದು ಮೂಳೆ ತುಂಡು ಅಲ್ಲಿಯದು. ಭೀಮನ ನಗಾರಿ ಅಂತ ಕಬ್ಬಿಣದ ತಗಡಿನ ದೊಡ್ಡ ಉರುಳೆಯೂ ಉಂಟು, ಆರು ಅಡಿ ಎತ್ತರ.

ನಮ್ಮಜ್ಜಿ ಕಥೆ ಹೇಳುವಾಗ ಆ ಹಲ್ಲನ್ನೇ ಹಿಡಿದು ಲೆಕ್ಕ ಹಾಕುತ್ತಿದ್ದರು. “ಹಲ್ಲೇ ಇಷ್ಟು ಅಂದ್ರೆ ಬಾಯಿ ಎಷ್ಟು? ಬಾಯಿ ಅಷ್ಟು ಅಂದ್ರೆ ಹೊಟ್ಟೆ ಎಷ್ಟು?” ಅಂತ ಕೈ ಅಗಲಿಸುತ್ತಾ ಹೋಗುತ್ತಿದ್ದರು. ಕೊನೆಗೆ ಕೈ ಸಾಲದೆ ಬಾಗಿಲ ಕಡೆ ತೋರಿಸಿ, ಆಚೆಯ ಗುಡ್ಡ ತೋರಿಸಿ ನಿಲ್ಲಿಸುತ್ತಿದ್ದರು. ಬಕಾಸುರನ ಕಥೆ ಆದರೆ ಬಚ್ಚಲ ಹಂಡೆ ಅಳತೆ. ಬಂಡಿ ಅನ್ನ, ಎರಡು ಕೋಣ, ಎಳೆದುಕೊಂಡು ಬಂದ ಮನುಷ್ಯ, ಎಲ್ಲಾ ಅವನ ಒಂದು ಹೊತ್ತಿನ ಊಟ. “ಅವನ ಒಂದು ತುತ್ತು ನಮ್ಮ ಹಂಡೆಯಷ್ಟು” ಅನ್ನುತ್ತಿದ್ದರು. ಆಮೇಲೆ ಬಚ್ಚಲಿಗೆ ಹೋದಾಗಲೆಲ್ಲಾ ನಾನು ಹಂಡೆ ನೋಡಿ ಹೆದರಿಕೊಂಡಿದ್ದೇನೆ.

ಒಂದು ಮಾತು ಈಗ ಹೊಳೆಯಿತು. ಅಜ್ಜಿ ಯಾವತ್ತೂ ದೈತ್ಯ ಅನ್ನಲಿಲ್ಲ. ರಾಕ್ಷಸ, ರಕ್ಕಸ, ಇಷ್ಟೇ.

ಪುಟ್ಟನ ಅಮ್ಮ, ಶಿವಮೊಗ್ಗ:

ಹೌದಲ್ವಾ! ನಮ್ಮ ಮನೆಯಲ್ಲೂ ಹಾಗೇ. “ರಾಕ್ಷಸನ ಥರ ತಿಂತಾನೆ”, “ಕುಂಭಕರ್ಣನ ಹಾಗೆ ಮಲಗಿದ್ದಾನೆ”, “ಬಕಾಸುರ”. ನಮ್ಮ ಮಾವ ಗದ್ದೆ ಕೆಲಸಕ್ಕೆ ಬರುವ ಒಬ್ಬರನ್ನು “ಕೆಲಸದಲ್ಲಿ ರಾಕ್ಷಸ” ಅಂತ ಮೆಚ್ಚಿ ಹೇಳುತ್ತಾರೆ. ದೈತ್ಯ ಅಂತ ಬಾಯಲ್ಲಿ ಹೇಳಿದವರನ್ನು ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಒಬ್ಬರೂ ಸಿಗಲಿಲ್ಲ. ಬರೀ ಓದಿದ್ದು.

ಡೆಸ್ಕಿನಲ್ಲಿ ಕೂತವನು:

ಆ ಓದಿದ್ದರಲ್ಲಿ ಸ್ವಲ್ಪ ಪಾಲು ನನ್ನದೂ ಇದೆ. ಹದಿನಾರು ವರ್ಷದಿಂದ ಪತ್ರಿಕೆಯ ಡೆಸ್ಕಿನಲ್ಲಿ ಶೀರ್ಷಿಕೆ ಬರೆಯುತ್ತಿದ್ದೇನೆ. ಯಾಕೆ ಈ ಪದ ಅಷ್ಟು ಸಲ ಬರುತ್ತೆ ಅಂತ ಒಳಗಿನವನಾಗಿ ಹೇಳುತ್ತೇನೆ.

ದೈತ್ಯ ಅಂದರೆ ಎರಡೇ ಅಕ್ಷರ. ಎರಡು ಕಾಲಂ ಅಗಲದ ಶೀರ್ಷಿಕೆಯಲ್ಲಿ ಎರಡು ಅಕ್ಷರ ಅಂದರೆ ಬಂಗಾರ. ‘ಐಟಿ ದೈತ್ಯ’, ‘ಚಿಲ್ಲರೆ ಮಾರಾಟ ದೈತ್ಯ’, ‘ದೈತ್ಯ ಅಲೆ’, ‘ದೈತ್ಯ ಹೆಬ್ಬಾವು’. ರಾತ್ರಿ ಹನ್ನೊಂದಕ್ಕೆ ಪುಟ ಕಳಿಸಬೇಕು, ಏಜೆನ್ಸಿಯ ಇಂಗ್ಲಿಷ್ ಸುದ್ದಿಯಲ್ಲಿ ಜಯಂಟ್ ಅಂತ ಇದೆ, ಕೈ ತಾನಾಗಿ ದೈತ್ಯ ಅಂತ ಹೊಡೆಯುತ್ತೆ. ‘ಬೃಹತ್’ ಕೂಡ ಸಣ್ಣ ಪದವೇ. ಆದರೆ ಅದು ಕಟ್ಟಡ, ಸಭೆ, ಯೋಜನೆಗೆ ಒಗ್ಗುತ್ತೆ. ಉಸಿರಾಡುವ ವಸ್ತುವಿಗೆ ‘ಬೃಹತ್’ ಹಾಕಿದರೆ ಜೀವ ಹೋದ ಹಾಗೆ ಕಾಣುತ್ತೆ.

ಇನ್ನೊಂದು ವಿಷಯ. ಪದದ ಅರ್ಥ ಬದಲಾಗುತ್ತೆ. ಓದುವವರು ದೈತ್ಯ ಅಂದರೆ ದೊಡ್ಡದು ಅಂತಲೇ ತಿಳಿಯುತ್ತಾರೆ, ಯಾರಿಗೂ ಗೊಂದಲ ಇಲ್ಲ. ದಿತಿಯ ಹೆಸರು ಹೇಳಿ ಈ ಪದವನ್ನು ಈಗ ವಾಪಸ್ ಕರೆಸಲು ಆಗಲ್ಲ.

ಸಂಸ್ಕೃತದ ಹಳೇ ಮೇಷ್ಟ್ರು:

ಬದಲಾಗಲಿ ಸ್ವಾಮಿ, ಬೇಡ ಅನ್ನಲಿಲ್ಲ. ಆದರೆ ಗೊಂದಲ ಇಲ್ಲ ಅನ್ನುವ ಮಾತನ್ನು ಒಪ್ಪಲಾರೆ. ಏಳು ವರ್ಷದ ಹುಡುಗನಿಗೆ ಗೊಂದಲ ಆಗಿದೆ. ಹಳೇ ಅರ್ಥ ಸತ್ತಿಲ್ಲ, ಅವನ ಕಥೆಪುಸ್ತಕದಲ್ಲಿ ಜೀವಂತ ಇದೆ. ಎರಡು ಅರ್ಥಗಳೂ ಒಂದೇ ಮಗುವಿನ ಕಿವಿಗೆ ಬೀಳುತ್ತಿವೆ.

ನೀವೇ ನೋಡಿ, ಗೊಮ್ಮಟನಿಗೆ ‘ದೈತ್ಯ ಮೂರ್ತಿ’ ಅಂತ ನಿಮ್ಮ ಪುಟದಲ್ಲಿ ಹಾಕುತ್ತೀರಾ?

ಡೆಸ್ಕಿನಲ್ಲಿ ಕೂತವನು:

ಇಲ್ಲ ಸರ್. ಕೈ ಬರಲ್ಲ. ಒಮ್ಮೆ ಹೊಸದಾಗಿ ಸೇರಿದ ಹುಡುಗ ಮಹಾಮಸ್ತಕಾಭಿಷೇಕದ ಸುದ್ದಿಯಲ್ಲಿ ಹಾಗೆ ಬರೆದಿದ್ದ. ನಾನೇ ತೆಗೆದು ‘ಭವ್ಯ’ ಮಾಡಿದೆ. ಯಾಕೆ ಅಂತ ಅವನು ಕೇಳಿದಾಗ ಹೇಳಲು ಆಗಲಿಲ್ಲ, ಸರಿ ಕಾಣಲ್ಲ ಅಂದೆ, ಅಷ್ಟೆ.

ಸಂಸ್ಕೃತದ ಹಳೇ ಮೇಷ್ಟ್ರು:

ಅದೇ ನಾನು ಹೇಳುವುದು. 58 ಅಡಿ ಎತ್ತರದ ಮೂರ್ತಿ. ಗಾತ್ರ ಒಂದೇ ಅರ್ಥವಾಗಿದ್ದರೆ ಆ ಪದ ಅಲ್ಲಿ ಕೂರಬೇಕಿತ್ತು. ಕೂರಲಿಲ್ಲ, ಯಾಕೆಂದರೆ ದಿತಿಯ ಮಕ್ಕಳ ಹಳೇ ಜಗಳ ನಿಮ್ಮ ಕಿವಿಯಲ್ಲೂ ಇದೆ. ಶ್ರವಣಬೆಳಗೊಳದಲ್ಲಿ ಬೊಪ್ಪಣ ಪಂಡಿತ ಬರೆದ ಶಾಸನ ಇದೆ, ಹನ್ನೆರಡನೇ ಶತಮಾನದ್ದು. ಗೊಮ್ಮಟನ ಗಾತ್ರಕ್ಕೆ ಅವನು ಬಳಸಿದ ಪದ ‘ಅತಿತುಂಗಾಕೃತಿ’. ತುಂಬಾ ಎತ್ತರದ ಆಕಾರ ಆದರೆ ಅದರಲ್ಲಿ ಚೆಲುವು ಇರಲ್ಲ, ಎತ್ತರವೂ ಚೆಲುವೂ ಎರಡೂ ಇದ್ದರೆ ಮಹಿಮೆ ಇರಲ್ಲ, ಇಲ್ಲಿ ಮೂರೂ ನಿಂತಿವೆ ಅನ್ನುತ್ತಾನೆ. ದೊಡ್ಡದನ್ನು ನೋಡಿದಾಗ ಏನನಿಸುತ್ತದೆ ಅನ್ನುವುದನ್ನು ಅದಕ್ಕಿಂತ ಚೆನ್ನಾಗಿ ಹೇಳಿದ ಕನ್ನಡದ ಮಾತು ನಾನು ಓದಿಲ್ಲ.

ವಿಜ್ಞಾನದ ಟೀಚರ್, ಹಾಸನ:

ನನ್ನ ತರಗತಿಯ ಒಂದು ಸಂಗತಿ. ಪಾಠದಲ್ಲಿ ‘ಅನಿಲ ದೈತ್ಯ’ ಅಂತ ಬರುತ್ತೆ, ಗುರು ಮತ್ತು ಶನಿ ಗ್ರಹಗಳಿಗೆ. ಸೂರ್ಯ ಮುಂದೊಂದು ದಿನ ‘ಕೆಂಪು ದೈತ್ಯ’ ಆಗುತ್ತೆ ಅಂತಲೂ ಬರುತ್ತೆ. ಈಗ ಯೋಚನೆ ಮಾಡಿ. ಪಂಚಾಂಗದ ಪ್ರಕಾರ ಗುರು ಅಂದರೆ ಬೃಹಸ್ಪತಿ, ದೇವತೆಗಳ ಗುರು. ದೈತ್ಯಗುರು ಅಂತ ಹೆಸರಿರುವುದು ಶುಕ್ರನಿಗೆ. ಅವನು ಭೂಮಿಗಿಂತ ಸ್ವಲ್ಪ ಚಿಕ್ಕ ಗ್ರಹ. ಇನ್ನು ಸೂರ್ಯನ ಹೆಸರೇ ಆದಿತ್ಯ. ಆದಿತ್ಯ ಮುಂದೆ ದೈತ್ಯ ಆಗುತ್ತಾನೆ ಅಂತ ನಾನು ಬೋರ್ಡಿನ ಮೇಲೆ ಬರೆದ ದಿನ ನನಗೇ ಮೈ ಝುಂ ಅಂದಿತ್ತು.

ವಿಜ್ಞಾನದ ಪದಗಳನ್ನು ಬದಲಿಸಿ ಅಂತ ನಾನು ಹೇಳಲ್ಲ. ಮಕ್ಕಳು ಪರೀಕ್ಷೆ ಬರೆಯಬೇಕು. ಆದರೆ ಪ್ರತಿ ವರ್ಷ ಆ ಪಾಠದಲ್ಲಿ ಐದು ನಿಮಿಷ ದಿತಿ, ಅದಿತಿಯ ಕಥೆಗೆ ಇಡುತ್ತೇನೆ. ಒಮ್ಮೆ ಹೇಳಿದರೆ ಆ ಪಾಠ ಯಾರೂ ಮರೆಯಲ್ಲ.

ಚೆನ್ನೈ ಕನ್ನಡತಿ:

ಪಕ್ಕದ ಮನೆಗಳಲ್ಲಿ ಏನು ನಡೀತಿದೆ ಅಂತ ನಾನು ಹೇಳಲಾ? ಇಲ್ಲಿ ತಮಿಳಿನಲ್ಲಿ ಜಾತ್ರೆಯ ಜಯಂಟ್ ವೀಲ್‌ಗೆ ‘ರಾಕ್ಷಸ ರಾಟೆ’ ಅನ್ನುವ ಅರ್ಥದ ಹೆಸರಿದೆ, ರಾಟ್ಚದ ರಾಟ್ಟಿನಂ ಅಂತ. ತೆಲುಗಿನಲ್ಲಿ ಡೈನೋಸಾರ್‌ಗೆ ರಾಕ್ಷಸ ಬಲ್ಲಿ, ಅಂದರೆ ರಾಕ್ಷಸ ಹಲ್ಲಿ. ಮಲಯಾಳಂನವರು ಪಾಂಡಾಗೆ ಭೀಮನ್ ಪಾಂಡಾ ಅನ್ನುತ್ತಾರೆ! ರಾಕ್ಷಸರನ್ನು ಕೊಂದವನ ಹೆಸರನ್ನೇ ಗಾತ್ರಕ್ಕೆ ಇಟ್ಟುಕೊಂಡಿದ್ದಾರೆ. ಪುಟ್ಟನಿಗೆ ಅದು ತುಂಬಾ ಹಿಡಿಸುತ್ತೆ ಅಂತ ನನ್ನ ನಂಬಿಕೆ. ನಮ್ಮಲ್ಲೂ ಭೀಮಕಾಯ ಅನ್ನುವ ಪದ ಇದ್ದೇ ಇದೆ.

ನಮ್ಮ ಊರ ಜಾತ್ರೆಯಲ್ಲಿ ಜಯಂಟ್ ವೀಲ್‌ಗೆ ಬರೀ ‘ತೊಟ್ಟಿಲು’ ಅನ್ನುತ್ತಿದ್ದೆವು. ಅಷ್ಟು ದೊಡ್ಡ ಚಕ್ರಕ್ಕೆ ಮಗುವನ್ನು ಮಲಗಿಸುವ ವಸ್ತುವಿನ ಹೆಸರು. ದೂರದಲ್ಲಿ ಕೂತು ನೆನೆದರೆ ಕಣ್ಣು ತುಂಬುತ್ತೆ.

ಕೃಷ್ಣಾ ತೀರದವನು:

ರಕ್ಕಸ ಅನ್ನುವ ಪದ ಬಂದದ್ದಕ್ಕೆ ಒಂದು ಸಣ್ಣ ತಿದ್ದುಪಡಿ, ನಮ್ಮ ಕಡೆಯದು. ವಿಜಯನಗರ ಸೋತ 1565ರ ಯುದ್ಧಕ್ಕೆ ರಕ್ಕಸತಂಗಡಿ ಯುದ್ಧ ಅನ್ನುತ್ತಾರೆ. ಶಾಲೆಯಲ್ಲಿ ತುಂಬಾ ಮಕ್ಕಳು ಅಲ್ಲಿ ಯಾರೋ ರಕ್ಕಸ ಇದ್ದ ಅಂತ ತಿಳಿದಿರುತ್ತಾರೆ. ಅದು ರಕ್ಕಸಗಿ, ತಂಗಡಗಿ ಅನ್ನುವ ಎರಡು ಊರುಗಳ ಹೆಸರು.

ಗಂಗರಲ್ಲಿ ರಕ್ಕಸಗಂಗ ಅಂತ ಒಬ್ಬ ದೊರೆಯೇ ಇದ್ದ. ರಾಜನೊಬ್ಬ ಹೆಮ್ಮೆಯಿಂದ ಇಟ್ಟುಕೊಳ್ಳುವ ಹೆಸರಾಗಿತ್ತು ಅದು. ನಮ್ಮ ಹಳೇ ಜೈನ ರಾಮಾಯಣಗಳಲ್ಲಂತೂ ರಾಕ್ಷಸರು ವಿದ್ಯಾಧರರ ಒಂದು ವಂಶ, ಮನುಷ್ಯರೇ. ರಾವಣನಿಗೆ ಹತ್ತು ತಲೆ ಇಲ್ಲ. ಹಾರದ ಮಣಿಗಳಲ್ಲಿ ಮುಖ ಒಂಬತ್ತು ಕಡೆ ಕಂಡದ್ದಕ್ಕೆ ದಶಮುಖ ಅಂತ ಹೆಸರು ಬಂತು ಅನ್ನುತ್ತಾರೆ.

ಗಂಗಾವತಿಯಿಂದ:

ದೊಡ್ಡ ಕಲ್ಲು ಕಂಡಲ್ಲೆಲ್ಲಾ ಜನ ದೊಡ್ಡವರ ಕಥೆ ಕಟ್ಟುತ್ತಾರೆ ಅನ್ನುವುದೂ ಪೂರ್ತಿ ನಿಜವಲ್ಲ. ನಮ್ಮ ಹತ್ತಿರದ ಹಿರೇಬೆಣಕಲ್ ಗುಡ್ಡದ ಮೇಲೆ ಕಬ್ಬಿಣ ಯುಗದ ಶಿಲಾಸಮಾಧಿಗಳಿವೆ, ನಾನೂರರಷ್ಟು. ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಎದುರಿನ ಕಲ್ಲಿಗೆ ದುಂಡಗೆ ತೂತು ಕೊರೆದಿದ್ದಾರೆ. ಆ ಚಪ್ಪಡಿ ಎತ್ತಲು ಎಷ್ಟು ಜನ ಬೇಕಾಯಿತೋ! ಆದರೆ ನಮ್ಮ ಹಿರಿಯರು ಅಲ್ಲಿದ್ದವರನ್ನು ಮೋರೇರು ಅನ್ನುತ್ತಾರೆ, ಅವರು ಗಿಡ್ಡರು ಅನ್ನುತ್ತಾರೆ. ಬಾಗಿಲು ಅಷ್ಟು ಚಿಕ್ಕದಲ್ವಾ, ಅದಕ್ಕೆ. ಕೊಡಗಿನಲ್ಲಿ ಅಂಥದ್ದೇ ಕಲ್ಲುಗಳನ್ನು ಪಾಂಡವರ ಹೆಸರಿನಲ್ಲಿ ಕರೆಯುತ್ತಾರೆ.

ಚೆಂಡೆ ಮದ್ದಳೆ:

ನಮ್ಮ ತೆಂಕುತಿಟ್ಟಿನ ಯಕ್ಷಗಾನದಲ್ಲಿ ಇವರೆಲ್ಲರಿಗೂ ಒಂದೇ ಮಾತು: ಬಣ್ಣದ ವೇಷ. ದೈತ್ಯ, ದಾನವ, ರಾಕ್ಷಸ ಅನ್ನುವ ಲೆಕ್ಕ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಯಾರೂ ಹಾಕುವುದಿಲ್ಲ. “ಇವತ್ತು ಬಣ್ಣದ ವೇಷ ಯಾರು?” ಅಂತಲೇ ಕೇಳುವುದು.

ಮನುಷ್ಯ ಹೇಗೆ ದೊಡ್ಡವನಾಗುತ್ತಾನೆ ಅಂತ ನೋಡಬೇಕಾದರೆ ಚೌಕಿಗೆ ಬನ್ನಿ. ನನ್ನ ದೊಡ್ಡಪ್ಪ ಬಣ್ಣದ ವೇಷ ಮಾಡುತ್ತಿದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚಿಟ್ಟಿ ಇಡುವುದು. ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಮುಳ್ಳಿನ ಹಾಗೆ ಎದ್ದು ನಿಲ್ಲಬೇಕು. ಗಂಟೆಗಟ್ಟಲೆ ಹಿಡಿಯುತ್ತದೆ, ಅಷ್ಟು ಹೊತ್ತೂ ನಗುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ನಾನು ಚಿಕ್ಕವನು, ಎದುರಿಗೆ ಕೂತಿರುತ್ತಿದ್ದೆ. ಕಣ್ಣಲ್ಲೇ ನೀರು ಕೇಳುತ್ತಿದ್ದರು, ನಾನು ಲೋಟ ಬಾಯಿಗೆ ಹಿಡಿಯುತ್ತಿದ್ದೆ. ಆಮೇಲೆ ತಲೆಯ ಮೇಲೆ ದೊಡ್ಡ ಕಿರೀಟ, ಅದು ಬೆನ್ನಿನ ಹಿಂದೆ ತಟ್ಟೆಯ ಹಾಗೆ ಹರಡಿಕೊಳ್ಳುತ್ತದೆ. ತೆರೆಯ ಹಿಂದಿನಿಂದ ಆರ್ಭಟ ಎದ್ದಾಗ ರಂಗಸ್ಥಳದ ಎದುರು ಮಲಗಿದ್ದ ಮಕ್ಕಳೆಲ್ಲಾ ಎದ್ದು ಕೂರುತ್ತಿದ್ದರು. ನಾನು ನೀರು ಕುಡಿಸಿದ ದೊಡ್ಡಪ್ಪನೇ ಅದು ಅಂತ ಗೊತ್ತಿದ್ದೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಮತ್ತೊಂದು. ದೀಪಾವಳಿಯಲ್ಲಿ ನಾವು ತುಳುನಾಡಿನವರು ಗದ್ದೆಗೆ ದೀಪ ತೆಗೆದುಕೊಂಡು ಹೋಗಿ ಬಲೀಂದ್ರನನ್ನು ಕೂಗಿ ಕರೆಯುತ್ತೇವೆ. ಆ ದಿನ ಅವನು ನಮ್ಮ ಮನೆಗೆ ಬರುವ ಹಿರಿಯ. ಅವನೂ ದೈತ್ಯನೇ.

ಡೆಸ್ಕಿನಲ್ಲಿ ಕೂತವನು:

ಇಷ್ಟು ಓದಿದ ಮೇಲೆ ನನ್ನ ಮಾತು ಸ್ವಲ್ಪ ಸಡಿಲ ಮಾಡುತ್ತೇನೆ. ಪ್ರಾಣಿಗೆ ದೈತ್ಯ ಬೇಡ ಅಂದರೆ ನಾವು ಏನು ಹಾಕಬೇಕು ಅಂತ ಯಾರಾದರೂ ಹೇಳಿ. ನನಗೆ ನಾಳೆಯೇ ಬೇಕಾಗುತ್ತೆ.

ಸಂಸ್ಕೃತದ ಹಳೇ ಮೇಷ್ಟ್ರು:

ಅದಕ್ಕೆ ಸಂಸ್ಕೃತದ ಮೇಷ್ಟ್ರು ಬೇಕಿಲ್ಲ, ಕನ್ನಡದ ಮನೆಯಲ್ಲೇ ಇದೆ. ಹಿರಿದು ಅನ್ನುವುದರ ಹಳೇ ರೂಪ ‘ಪೆರ್’. ಅದು ಮುಂದಿನ ಪದಕ್ಕೆ ಅಂಟಿಕೊಂಡು ಹೆಬ್ಬಾವು, ಹೆಬ್ಬುಲಿ, ಹೆಮ್ಮರ, ಹೆದ್ದಾರಿ, ಹೆಬ್ಬಾಗಿಲು, ಹೆಬ್ಬೆರಳು ಆಗಿದೆ. ಮುಂದಿನ ಅಕ್ಷರ ಯಾವುದೋ ಅದಕ್ಕೆ ಒತ್ತು ಕೊಟ್ಟು ಸೇರಿಬಿಡುತ್ತದೆ. ನೋಡಿ, ‘ದೈತ್ಯ ಹೆಬ್ಬಾವು’ ಅಂತ ನೀವು ಬರೆದಿರಿ. ದೊಡ್ಡದು ಅನ್ನುವುದು ಅದರ ಹೆಸರಿನಲ್ಲೇ ಇದೆ, ಎರಡು ಸಲ ಯಾಕೆ?

ಹೆಜ್ಜೇನಿಗೆ ಇಂಗ್ಲಿಷಿನವರು ಜಯಂಟ್ ಅಂತ ಸೇರಿಸಿ ಹೆಸರಿಟ್ಟಿದ್ದಾರೆ. ನಮ್ಮ ಜೇನು ಕೀಳುವವರು ಯಾವತ್ತೋ ಹೆಜ್ಜೇನು ಅಂದಿದ್ದರು. ಆ ಹೆಸರು ಇರದಿದ್ದರೆ ಇಷ್ಟು ಹೊತ್ತಿಗೆ ‘ದೈತ್ಯ ಜೇನು’ ಆಗಿರುತ್ತಿತ್ತು. ಮಲೆನಾಡಿನ ಕೆಂಜಳಿಲಿನ ಕಥೆಯೂ ಅದೇ. ಈಗ ಕೆಲವರು ಅದನ್ನು ದೈತ್ಯ ಅಳಿಲು ಅಂತ ಬರೆಯುತ್ತಾರೆ, ಓದಿದರೆ ನನಗೆ ನೋವಾಗುತ್ತದೆ.

ದುರ್ಗದ ಹುಡುಗ:

ಭೂತಗನ್ನಡಿ ಮರೀಬೇಡಿ! ಸಣ್ಣದನ್ನು ದೊಡ್ಡದು ಮಾಡಿ ತೋರಿಸುತ್ತೆ ಅಂತ ಗಾಜಿಗೆ ಭೂತದ ಹೆಸರಿಟ್ಟವರು ನಾವು.

ವಿಜ್ಞಾನದ ಟೀಚರ್, ಹಾಸನ:

ಹೆಬ್‌ ಸೇರಿಸುವುದು ಎಲ್ಲಾ ಕಡೆ ಆಗಲ್ಲ ಮೇಷ್ಟ್ರೇ. ‘ಹೆಪ್ಪಾಂಡಾ’ ಅಂದರೆ ಮಕ್ಕಳು ಮೊಸರು ಹೆಪ್ಪು ಅಂದುಕೊಳ್ಳುತ್ತಾರೆ. ಪಾಂಡಾಗೆ ಸುಮ್ನೆ ದೊಡ್ಡ ಪಾಂಡಾ ಅಂದರೆ ಸಾಕು. ಕೆಂಪು ಪಾಂಡಾ ಅಂತ ಇನ್ನೊಂದು ಸಣ್ಣ ಪ್ರಾಣಿ ಇದೆ, ಅದರಿಂದ ಬೇರೆ ಮಾಡಿ ಹೇಳಲಿಕ್ಕೆ ತಾನೇ ಈ ಪದ ಬೇಕಾದದ್ದು.

ಸಂಸ್ಕೃತದ ಹಳೇ ಮೇಷ್ಟ್ರು:

ಒಪ್ಪಿದೆ. ದೊಡ್ಡ ಅನ್ನುವುದಕ್ಕಿಂತ ಒಳ್ಳೆಯ ಪದ ಹುಡುಕುವುದು ಬೇಡ.

ಪುಟ್ಟನ ಅಮ್ಮ, ಶಿವಮೊಗ್ಗ:

ಎಲ್ಲರಿಗೂ ಮನಸಾರೆ ಧನ್ಯವಾದ. ಈ ರಾತ್ರಿ ಅದೇ ಪುಸ್ತಕ ಮತ್ತೆ ತೆಗೆದೆವು. ದೈತ್ಯ ಅಂದರೆ ದಿತಿ ಅನ್ನುವ ಅಮ್ಮನ ಮಕ್ಕಳು ಅಂತ ಹೇಳಿದೆ. ಪಾಂಡಾದ ಅಮ್ಮ ದಿತಿನಾ ಅಂತ ಕೇಳಿದ. ಅಲ್ಲ ಅಂದೆ. ಪೆನ್ಸಿಲ್ ತಂದು ‘ದೈತ್ಯ’ದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ‘ದೊಡ್ಡ’ ಅಂತ ಬರೆದ. ಡಕ್ಕೆ ಡ ಒತ್ತು ಮರೆತಿದ್ದ, ಆಮೇಲೆ ಸೇರಿಸಿದ.

ಚೆಂಡೆ ಮದ್ದಳೆಯವರೇ, ಬಣ್ಣದ ವೇಷದ ಚಿಟ್ಟಿಯ ವಿಷಯ ಓದಿ ಹೇಳಿದ್ದಕ್ಕೆ ಅವನು ಚೌಕಿ ನೋಡಬೇಕು ಅಂತ ಹಟ ಹಿಡಿದಿದ್ದಾನೆ. ಮಕ್ಕಳನ್ನು ಒಳಗೆ ಬಿಡುತ್ತಾರಾ? ಎಷ್ಟು ಗಂಟೆಗೆ ಬಂದರೆ ಬಣ್ಣ ಹಚ್ಚುವುದನ್ನು ಮೊದಲಿಂದ ನೋಡಬಹುದು?

ಚೆಂಡೆ ಮದ್ದಳೆ:

ಧಾರಾಳವಾಗಿ ಬನ್ನಿ ಅಕ್ಕ. ಆಟ ಶುರುವಾಗುವುದಕ್ಕಿಂತ ತುಂಬಾ ಮುಂಚೆ ಬಂದು, ಮೊದಲು ಚೌಕಿಯ ದೇವರಿಗೆ ಕೈಮುಗಿದು, ಮೂಲೆಯಲ್ಲಿ ಕೂತುಕೊಳ್ಳಿ. ವೇಷಧಾರಿಯನ್ನು ಮಾತಾಡಿಸಬಾರದು ಅಂತ ಪುಟ್ಟನಿಗೆ ಮೊದಲೇ ಹೇಳಿರಿ. ನೀರಿನ ಲೋಟ ಅವನ ಕೈಯಲ್ಲೇ ಕೊಡಿಸೋಣ.